ಕೈಮಾತಿನ ವಾರ್ತೆ

ಪರದೆಯ ಮೇಲೆ ಆ ಫೋಟೊ ಬಂದು ನಿಂತಾಗ ತಾಜಬಿ ಮೊರದೊಳಗಿನ ಅಕ್ಕಿಯಲ್ಲಿ ಆಡಿಸುತ್ತಿದ್ದ ಬೆರಳನ್ನು ಹಾಗೇ ತಡೆದಳು. ಅದು ಪ್ರತಿ ಭಾನುವಾರ ಮಧ್ಯಾಹ್ನ ಕಿವಿ ಕೇಳದವರಿಗಾಗಿ ಟಿವಿಯಲ್ಲಿ ಬರುವ ವಾರ್ತೆ. ಒಬ್ಬರು ಹಿಂದಿಯಲ್ಲಿ ಓದುತ್ತ ಹೋದರೆ ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳು ಅದನ್ನೇ ಕೈಯಲ್ಲಿ ಹೇಳುತ್ತಿದ್ದಳು. ಇವತ್ತು ಅವಳು ಇರಲಿಲ್ಲ. ಅವಳ ಫೋಟೊ ಇತ್ತು, ಫೋಟೊಕ್ಕೆ ಗಂಧದ ಹಾರ ಇತ್ತು.

ಟಿವಿಯ ಮುಂದೆ ನೆಲದ ಮೇಲೆ ಕುಳಿತಿದ್ದ ಪಕ್ಕದ ಮನೆಯ ದುರ್ಗಾ ಮೊಣಕಾಲೂರಿ ಇನ್ನಷ್ಟು ಹತ್ತಿರ ಸರಿದಳು. ಫೋಟೊಕ್ಕೆ ಹಾರ ಹಾಕಿದರೆ ಏನರ್ಥ ಎಂಬುದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಅಜ್ಜನ ಫೋಟೊ ಹಾಗೇ ಇತ್ತು. ಆದರೂ ತಿರುಗಿ ತಾಜಬಿಯ ಮುಖ ನೋಡಿದಳು. ಒಂದು ಬೆರಳಿಂದ ತನ್ನ ಎಡಗೆನ್ನೆ ಮುಟ್ಟಿಕೊಂಡು, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಮಗುಚಿ, ಹುಬ್ಬೆತ್ತಿದಳು. ತಾಜಬಿಗೆ ತಿಳಿಯಲಿಲ್ಲ. ಹಸಿವಾಗಿರಬೇಕೆಂದು ಒಂದು ಬಾಳೆಹಣ್ಣು ತಂದು ಕೊಟ್ಟಳು. ದುರ್ಗಾ ಅದನ್ನು ಹಿಡಿದುಕೊಂಡೇ ಮತ್ತೆ ಕೆನ್ನೆ ಮುಟ್ಟಿದಳು, ಮತ್ತೆ ಅಂಗೈ ಮಗುಚಿದಳು.

ತಾಜಬಿ ಹಿತ್ತಿಲಿಗೆ ಹೋಗಿ ಗೋಡೆಯ ಆಚೆ ಒಲೆಯ ಮುಂದಿದ್ದ ದುರ್ಗಾಳ ತಾಯಿ ಹನುಮವ್ವನನ್ನು ಕರೆದಳು.

"ಟಿವ್ಯಾಗ ಕೈ ಆಡಸ್ತಿದ್ಲಲ್ಲ ಹನಮವ್ವಾ, ಆಕಿ ತೀರಿಕೊಂಡಾಳಂತ. ಭಾಳ ದಿವಸ ದವಾಖಾನ್ಯಾಗ ಇದ್ಲಂತ. ಇಷ್ಟು ವರ್ಷ ಆತು, ಆಕಿ ಹೆಸರು ಇವತ್ತ ಹೇಳಿದ್ರು ನೋಡ. ವಸುಧಾ ಅಂತ."

ಹನುಮವ್ವ ಪಾಪ ಅಂದಳು. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು, ಒಳಗೆ ಹೋದಳು.

ಹನುಮವ್ವನ ಗಂಡ ಮೈಲಾರಲಿಂಗಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ. ಆ ಕೆಲಸ ಸಿಕ್ಕ ಮೇಲೆಯೇ ಅವರು ಅಮ್ಮಿನಬಾವಿ ಬಿಟ್ಟು ನವನಗರಕ್ಕೆ ಬಂದದ್ದು. ದುರ್ಗಾ ಆಗ ಹನ್ನೆರಡು ಹದಿಮೂರರ ಹುಡುಗಿ. ತೊಟ್ಟಿಲಲ್ಲಿದ್ದಾಗ ಬಂದ ಜ್ವರ ಅವಳ ಕಿವಿ ತೆಗೆದುಕೊಂಡು ಹೋಗಿತ್ತು. ಊರ ಸಾಲೆಯಲ್ಲಿ ಒಂದಷ್ಟು ದಿನ ಕೂತಳು, ಮಾಸ್ತರರು ಮನೆಗೆ ಕಳಿಸಿದರು. ಆಮೇಲೆ ಅವಳು ಕಸ ಗುಡಿಸಿದಳು, ನೀರು ತಂದಳು, ಎಮ್ಮೆ ಕಾಯ್ದಳು. ಮನೆಯವರು ಅವಳಿಗೆ ಹೇಳಬೇಕಾದದ್ದನ್ನು ಕೈ ಹಿಡಿದು ಎಳೆದೋ, ಕೊಡ ತೋರಿಸಿಯೋ ಹೇಳುತ್ತಿದ್ದರು. ಅವಳಿಗೂ ಹೇಳುವುದು ಇದ್ದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನವನಗರಕ್ಕೆ ಬಂದ ವರ್ಷವೇ ತಾಜಬಿಯ ಮನೆಗೆ ಟಿವಿ ಬಂತು. ಒಂದು ಭಾನುವಾರ ಸಕ್ಕರೆ ಕೇಳಲು ಹೋದ ದುರ್ಗಾ ಬಹಳ ಹೊತ್ತಾದರೂ ತಿರುಗಿ ಬರಲಿಲ್ಲ. ಹನುಮವ್ವ ಹೋಗಿ ನೋಡಿದರೆ ಬಟ್ಟಲು ಕೆಳಗಿಟ್ಟು ಟಿವಿಯ ಮುಂದೆ ನಿಂತಿದ್ದಳು, ಬಾಯಿ ತೆರೆದುಕೊಂಡು. ಪರದೆಯ ಮೇಲಿನ ಹೆಂಗಸಿನ ಕೈ ಹೇಗೆ ಹೋದರೆ ಇವಳ ಕೈ ಹಾಗೆ ಹೋಗುತ್ತಿತ್ತು.

ಅವತ್ತಿನಿಂದ ಭಾನುವಾರ ಬಂದರೆ ದುರ್ಗಾ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ತಯಾರಾಗುತ್ತಿದ್ದಳು. ನೀರು ತುಂಬಿದ ಊರಿನ ಚಿತ್ರ ಬಂದಾಗ ಆ ಹೆಂಗಸು ಕೈಯನ್ನು ಹೇಗೆ ತೇಲಿಸಿದಳು, ಸುಟ್ಟ ಮನೆ ಬಂದಾಗ ಬೆರಳು ಹೇಗೆ ಕುಣಿದವು, ಗಾಡಿಗಳ ಸಾಲಿನಲ್ಲಿ ಬಿಳಿ ಬಟ್ಟೆಯವರು ಇಳಿದಾಗ ಏನು ಮಾಡಿದಳು, ಎಲ್ಲವನ್ನೂ ಚಿತ್ರದೊಂದಿಗೆ ಜೋಡಿಸಿ ಇಟ್ಟುಕೊಂಡಳು. ವಾರವೆಲ್ಲ ಅವನ್ನು ನಳದ ಹತ್ತಿರ, ಹಿತ್ತಿಲಲ್ಲಿ, ಒಲೆಯ ಮುಂದೆ ಮಾಡಿ ನೋಡುತ್ತಿದ್ದಳು. ನಳಕ್ಕೆ ಬಂದ ಹೆಂಗಸರು ನಗುತ್ತಿದ್ದರು. ಕುಂದಗೋಳ ಕಡೆಯಿಂದ ಹೆಣ್ಣು ನೋಡಲು ಬಂದವರ ಎದುರಿಗೂ ಅವಳ ಕೈ ಸುಮ್ಮನಿರಲಿಲ್ಲ. ಅವರು ಚಹಾ ಅರ್ಧ ಕುಡಿದು ಎದ್ದರು. ಕಿವಿ ಇಲ್ಲ ಅಂದಿದ್ದಿರಿ, ತಲಿ ಸರಿ ಇಲ್ಲ ಅಂತ ಹೇಳಿರಲಿಲ್ಲ ಎಂದು ಬಾಗಿಲಲ್ಲಿ ಅಂದು ಹೋದರು. ಅವತ್ತು ಹನುಮವ್ವ ಲಟ್ಟಣಿಗೆಯಿಂದ ಮಗಳ ಬೆರಳಿನ ಗಿಣ್ಣಿನ ಮೇಲೆ ಹೊಡೆದಿದ್ದಳು. ಆಮೇಲೆ ಯಾರಾದರೂ ಬಂದರೆ ದುರ್ಗಾ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದಳು.

ಫೋಟೊ ಬಂದ ಮುಂದಿನ ಭಾನುವಾರ ವಾರ್ತೆಯಲ್ಲಿ ಬೇರೊಬ್ಬಳು ಕುಳಿತಿದ್ದಳು. ದುರ್ಗಾ ಸ್ವಲ್ಪ ಹೊತ್ತು ನೋಡಿ ಎದ್ದು ಬಂದಳು. ಊಟಕ್ಕೆ ಕರೆದರೆ ತಾಟಿನ ಮುಂದೆ ಕೂತು, ಅವ್ವನ ಮುಖ ನೋಡಿ ಕೆನ್ನೆ ಮುಟ್ಟಿಕೊಂಡಳು. ಅಪ್ಪ ಬಂದ, ಅವನಿಗೂ ಕೆನ್ನೆ ಮುಟ್ಟಿ ತೋರಿಸಿದಳು. ಹಲ್ಲು ನೋವೆಂದುಕೊಂಡು ಹನುಮವ್ವ ಲವಂಗ ಜಜ್ಜಿ ದವಡೆಗೆ ಇಟ್ಟಳು. ದುರ್ಗಾ ಅದನ್ನು ಉಗುಳಿ ಮತ್ತೆ ಕೆನ್ನೆ ಮುಟ್ಟಿದಳು. ಹಲ್ಲಿನ ಡಾಕ್ಟರು ಬ್ಯಾಟರಿ ಹಿಡಿದು ನೋಡಿ, ಹಲ್ಲು ಗಟ್ಟಿ ಅದಾವ, ಏನೂ ಆಗಿಲ್ಲ ಅಂದರು. ಅವರಿಗೂ ಅವಳು ಅದನ್ನೇ ಕೇಳಿದಳು. ಅವರು ಅವಳ ಭುಜ ತಟ್ಟಿ ಕಳಿಸಿದರು.

ತಿಂಗಳೊಪ್ಪತ್ತಿನಲ್ಲಿ ಅವಳ ರವಿಕೆ ಸಡಿಲವಾಯಿತು. ಹಿಟ್ಟು ನಾದುತ್ತಿದ್ದವಳು ನಡುವೆ ನಿಲ್ಲಿಸಿ ಪರಾತದೊಳಗೇ ಕೈ ಬಿಟ್ಟುಕೊಂಡು ಕೂತುಬಿಡುತ್ತಿದ್ದಳು. ಗೋಡೆಯಾಚೆಯಿಂದ ಇದನ್ನು ನೋಡುತ್ತಿದ್ದ ತಾಜಬಿಯೇ ಒಂದು ದಿನ, ಧಾರವಾಡದಲ್ಲಿ ಇಂಥವರ ಸಾಲೆ ಇದೆಯಂತೆ, ಆಟೊ ಓಡಿಸುವ ತನ್ನ ಮಗ ಖಾದರಬಾಷಾ ಅಲ್ಲಿಗೆ ಮಕ್ಕಳನ್ನು ಬಿಟ್ಟು ಬಂದಿದ್ದಾನೆ ಎಂದು ಹೇಳಿದಳು. ಹನುಮವ್ವ ತನ್ನ ಇಳಕಲ್ಲ ಸೀರೆ ಉಟ್ಟು, ಮಗಳಿಗೆ ತಲೆ ಬಾಚಿ, ಬಸ್ಸು ಹತ್ತಿದಳು. ಸತ್ತೂರ ದಾಟಿ ಧಾರವಾಡ ಬರುವತನಕ ದುರ್ಗಾ ಕಿಟಕಿಯ ಹೊರಗೆ ನೋಡಲಿಲ್ಲ.

ಆಫೀಸಿನಲ್ಲಿ ಹೆಡ್ ಮಾಸ್ತರರು ವಯಸ್ಸು ಕೇಳಿದರು. ಇಪ್ಪತ್ತು ಎಂದಾಗ ತಲೆ ಅಲ್ಲಾಡಿಸಿದರು. ಐದಾರು ವರ್ಷಕ್ಕೆ ಕರೆದುಕೊಂಡು ಬಂದರೆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಬಹುದು, ಈಗ ಏನೂ ಮಾಡಲಾಗದು ಅಂದರು. ಆ ವಯಸ್ಸಿನಲ್ಲಿ ಎಲ್ಲಿದ್ದಿರಿ ಎಂದು ಕೇಳಿದಾಗ ಹನುಮವ್ವ ಅಮ್ಮಿನಬಾವಿ ಎಂದಳು. ಇಲ್ಲೇ ಮಗ್ಗುಲಲ್ಲಿದ್ದೂ ಬರಲಿಲ್ಲವಲ್ಲ ಎಂದರು ಅವರು. ಸಿಟ್ಟಿನಿಂದಲ್ಲ. ಇಂಥದೊಂದು ಸಾಲೆ ಇದೆ ಎಂದು ಹನುಮವ್ವನಿಗೆ ಯಾರೂ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ.

ಹೊರಗೆ ಬಂದರೆ ಪಕ್ಕದಲ್ಲಿ ದುರ್ಗಾ ಇರಲಿಲ್ಲ. ಊಟದ ಬಿಡುವಿನಲ್ಲಿ ಮಕ್ಕಳು ಅಂಗಳದಲ್ಲಿ ತಾಟು ತೊಳೆಯುತ್ತಿದ್ದರು. ಒಬ್ಬರಿಗೊಬ್ಬರು ಕೈಯಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದರು. ಅಷ್ಟು ಕೈಗಳ ನಡುವೆ ದುರ್ಗಾ ನಿಂತಿದ್ದಳು. ಹುಟ್ಟಿದಾಗಿನಿಂದ ಅವಳ ಮುಖ ಅಷ್ಟು ಬೆಳಕಾಗಿದ್ದು ಹನುಮವ್ವ ಕಂಡಿರಲಿಲ್ಲ. ದುರ್ಗಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಎತ್ತಿ ಹೇಳತೊಡಗಿದಳು. ಮಕ್ಕಳು ನೆರೆದರು. ಸ್ವಲ್ಪ ಹೊತ್ತು ನೋಡಿದರು. ಅವರ ಕೈಮಾತು ಅವರೇ ಹಾಸ್ಟೆಲಿನಲ್ಲಿ ಕಟ್ಟಿಕೊಂಡದ್ದು, ಇದು ಬೇರೆ ಇತ್ತು. ಒಬ್ಬಳು ಮುಸಿಮುಸಿ ನಕ್ಕಳು. ಒಬ್ಬೊಬ್ಬರೇ ತಾಟು ಹಿಡಿದು ನಳದ ಕಡೆಗೆ ಹೋದರು.

ಜಗಲಿಯ ಕಂಬಕ್ಕೊರಗಿ ನಿಂತಿದ್ದ ಮಾಸ್ತರರೊಬ್ಬರು ಮಾತ್ರ ನೋಡುತ್ತಲೇ ಇದ್ದರು. ಗೋವಿಂದಪ್ಪ ಎಂದು ಅವರ ಹೆಸರು. ಅವರ ತಮ್ಮನಿಗೂ ಕಿವಿ ಕೇಳಿಸುತ್ತಿರಲಿಲ್ಲ, ಅವನಿಗಾಗಿ ಅವರು ಕೈಮಾತು ಕಲಿತಿದ್ದರು, ಭಾನುವಾರದ ವಾರ್ತೆಯನ್ನೂ ಅವನೊಂದಿಗೆ ನೋಡುತ್ತಿದ್ದರು. ಹನುಮವ್ವ ನಾಚಿಕೊಂಡು, ಬೈಕೋಬ್ಯಾಡ್ರಿ, ಹುಡುಗಿ ಸುಮ್ಮನೆ ಕೈ ಆಡಿಸುತ್ತದೆ ಎಂದಳು.

"ಸುಮ್ಮನ ಅಲ್ರಿ. ವಾರ್ತಿ ಹೇಳಾಕತ್ತಾಳ."

ಹನುಮವ್ವ ಅವರ ಮುಖ ನೋಡಿದಳು. ಅವರು ದುರ್ಗಾಳ ಕೈಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳುತ್ತ ಹೋದರು. ಎಲ್ಲೋ ಹೊಳೆ ಬಂದು ಊರು ಮುಳುಗಿದೆ. ಮಚ್ಚೆಯವಳು ಸತ್ತಳು. ಮಂತ್ರಿ ಬಂದರು. ಮಚ್ಚೆಯವಳು ಸತ್ತಳು. ರೈಲು ಬಿದ್ದಿದೆ, ಬಹಳ ಜನಕ್ಕೆ ಪೆಟ್ಟಾಗಿದೆ. ನಾಳೆ ಮಳೆ ಇಲ್ಲ. ಮಚ್ಚೆಯವಳು ಸತ್ತಳು.

"ಮಚ್ಚಿಯಾಕಿ ಯಾರ್ರಿ?"

"ಟಿವ್ಯಾಗ ಬರ್ತಿದ್ರಲ್ರಿ, ಅವರ ಕೆನ್ನಿ ಮ್ಯಾಲೆ ಮಚ್ಚಿ ಇತ್ತು. ಕೆನ್ನಿ ಮುಟ್ಟಿದ್ರ ಅವರು ಅಂತ ಈಕಿ ಲೆಕ್ಕ. ಅಂಗೈ ಮಗುಚಿದ್ರ ಸತ್ರು ಅಂತ."

"ತಿಂಗಳಾತ್ರಿ, ಹಲ್ಲ ನೋವು ಅಂತ ನಾ ಲವಂಗ ಇಟ್ಟೇನಿ."

"ಹಲ್ಲ ನೋವಲ್ರಿ ಅದು. ಹೆಸರು."

ಗೋವಿಂದಪ್ಪ ಅಂಗಳಕ್ಕಿಳಿದು ದುರ್ಗಾಳ ಎದುರಿಗೆ ನಿಂತರು. ಅವಳು ಕೆನ್ನೆ ಮುಟ್ಟಿ, ಅಂಗೈ ಮಗುಚಿ, ಹುಬ್ಬೆತ್ತಿದಳು. ಅವರು ತಮ್ಮ ಕೆನ್ನೆ ಮುಟ್ಟಿಕೊಂಡರು. ತಾವೂ ಅಂಗೈ ಮಗುಚಿ, ಹೌದೆಂದು ತಲೆಯಾಡಿಸಿದರು. ದುರ್ಗಾ ಅವರ ಕೈಯನ್ನೇ ನೋಡುತ್ತ ನಿಂತಳು. ಟಿವಿಯಿಂದ ಹೊರಗೆ ಯಾವ ಕೈಯೂ ಅಲ್ಲಿಯತನಕ ಅವಳಿಗೆ ಉತ್ತರ ಕೊಟ್ಟಿರಲಿಲ್ಲ. ಕೊಟ್ಟ ಮೊದಲ ಉತ್ತರ ಇದಾಗಿತ್ತು. ಅವಳ ಕಣ್ಣಿಂದ ನೀರು ಇಳಿದು ಗದ್ದದಲ್ಲಿ ನಿಂತಿತು, ಒರೆಸಿಕೊಳ್ಳಲಿಲ್ಲ.

ಹನುಮವ್ವ ಹತ್ತಿರ ಬಂದಳು. ಕೇಳಲೋ ಬೇಡವೋ ಎಂದು ಹಿಂಜರಿದಳು.

"ಮಾಸ್ತರ, ನನಗ ಆಕಿ ಏನಂತ ಕರೀತಾಳ, ಒಂದೀಟ ಕೇಳ್ರಿ."

ಗೋವಿಂದಪ್ಪ ಹನುಮವ್ವನನ್ನು ತೋರಿಸಿ ಕೈಯಲ್ಲಿ ಅವ್ವ ಎಂದರು. ದುರ್ಗಾಳಿಗೆ ತಿಳಿಯಲಿಲ್ಲ. ಮತ್ತೊಂದು ರೀತಿಯಲ್ಲಿ ಹೇಳಿದರು. ಅವಳು ಅವ್ವನನ್ನು ಒಮ್ಮೆ, ಅವರ ಕೈಯನ್ನು ಒಮ್ಮೆ ನೋಡಿದಳು. ಆಮೇಲೆ ಅವರಿಗೆ ಮತ್ತೆ ಹೊಳೆಯ ಸುದ್ದಿ ಹೇಳಲು ಕೈ ಎತ್ತಿದಳು.

"ವಾರ್ತ್ಯಾಗ ಆ ಮಾತು ಬಂದಿಲ್ರಿ," ಎಂದರು ಗೋವಿಂದಪ್ಪ. "ಬಂದಿದ್ರ ಕಲೀತಿದ್ಲು."

ಜಗಲಿಯ ಮೇಲೆ ಕೆಂಪು ದೀಪ ಹತ್ತಿ ಆರಿತು. ಅದೇ ಅಲ್ಲಿನ ಗಂಟೆ. ಗೋವಿಂದಪ್ಪ ಆಫೀಸಿನ ಕಡೆ ನೋಡಿ ಕೈ ಇಳಿಸಿದರು. ಇಲ್ಲಿ ಕೈಯಲ್ಲಿ ಮಾತಾಡಿಸುವ ಹಾಗಿಲ್ಲ, ಮಕ್ಕಳು ತುಟಿಯ ಮಾತು ಮರೆಯುತ್ತಾರೆ ಎಂದು ಹೆಡ್ ಮಾಸ್ತರರು ಬೈಯುತ್ತಾರೆ, ತಪ್ಪು ತಿಳಿಯಬೇಡಿ ಎಂದು ಹೇಳಿ ಒಳಗೆ ಹೋದರು. ಮಕ್ಕಳು ಕೈಕಟ್ಟಿಕೊಂಡು ಸಾಲಾಗಿ ಕ್ಲಾಸಿಗೆ ಹೋದರು. ಬಾಗಿಲು ಮುಚ್ಚಿತು.

ಅಂಗಳದಲ್ಲಿ ನಳದ ಕೆಳಗೆ ಅನ್ನದ ಅಗುಳು ಹರಡಿದ್ದವು, ಗುಬ್ಬಿಗಳು ಇಳಿದವು. ದುರ್ಗಾ ಮುಚ್ಚಿದ ಬಾಗಿಲಿಗೆ ಎದುರಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು. ಮೊದಲಿನಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು, ಈ ಸಲ ಅವಸರವಿಲ್ಲದೆ, ಒಂದೊಂದಾಗಿ. ಅವಳ ಹಿಂದೆ ಒಂದು ಪಕ್ಕಕ್ಕೆ ನಿಂತ ಹನುಮವ್ವ ಆ ಕೈಗಳನ್ನು ನೋಡಿದಳು. ಹೊಳೆ ಯಾವುದು, ರೈಲು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ, ವಾರ್ತೆಯ ಕೊನೆಗೆ ಟಿವಿಯವಳು ಮಾಡುತ್ತಿದ್ದ ಹಾಗೆ, ದುರ್ಗಾ ಎರಡೂ ಅಂಗೈ ಜೋಡಿಸಿ ತಲೆ ಬಾಗಿಸಿದಳು. ಅದೊಂದು ಹನುಮವ್ವನಿಗೆ ತಿಳಿಯಿತು. ಅವಳೂ ಚೀಲ ಕೆಳಗಿಟ್ಟು ಕೈ ಮುಗಿದಳು. ಮಗಳನ್ನು ಕರೆಯಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು, ಅವಳ ಬೆನ್ನ ಹಿಂದೆ ಮುಗಿದ ಕೈಯಲ್ಲೇ ನಿಂತಳು.