ಕಡಿಮೆ ಬಿದ್ದ ಒಂದು ವೋಟು

ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಎಲ್ಡನ್‌ನ ಕುತ್ತಿಗೆಯ ಟೈಯನ್ನು ಲವಾನ್ ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು. ಎಡಗೈಯಲ್ಲಿ ಅವನ ಗದ್ದ ಎತ್ತಿ ಹಿಡಿದು ಬಲಗೈಯಿಂದ ಎಳೆಯುತ್ತಿದ್ದಾಗ ಮಗಳು ಕಾರ್ಲಾ ಚರ್ಚಿನ ಒಳಗಿಂದ ಬಂದು ಕೋಣೆಯ ಬಾಗಿಲಲ್ಲೇ ನಿಂತಳು.

“ಅಮ್ಮ, ಏನ್ ಮಾಡ್ತಿದೀಯ? ಅಷ್ಟು ಚೆನ್ನಾಗಿ ಕಟ್ಟಿದ್ರು.”

“ನಮ್ಮ ಮದುವೇಲಿ ಒಂದ್ಸಲ ಕಟ್ಕೊಂಡ, ನಿನ್ನ ಮದುವೇಲಿ ಒಂದ್ಸಲ. ಎರಡು ಸಲಾನೂ ಉಸಿರು ಕಟ್ಟತ್ತೆ ಅಂತ ಗೊಣಗಿದಾನೆ. ಇನ್ನು ಶಾಶ್ವತವಾಗಿ ಕಟ್ಕೊಂಡಿರು ಅಂದ್ರೆ ಹೇಗೆ?”

ಟೈ ಬಿಚ್ಚಿಕೊಂಡು ಬಂತು. ಅದನ್ನು ಸುತ್ತಿ ಕೈಚೀಲಕ್ಕೆ ತುರುಕಿದಳು. ಸೋಮವಾರದಿಂದ ಅವಳ ಕೈ ಸುಮ್ಮನೆ ಇರಲಿಲ್ಲ. ಅವತ್ತು ಬೆಳಿಗ್ಗೆ ಎಲ್ಡನ್ ಪಕ್ಕದ ದನದ ಫಾರ್ಮಿನ ನೀರೆತ್ತುವ ಗಾಳಿಯಂತ್ರ ನೋಡಿ ಬರುತ್ತೇನೆ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ ಎಂದು ಹೋಗಿದ್ದ. ಊಟದ ಹೊತ್ತು ಮೀರಿದ ಮೇಲೆ ಹುಡುಕಿದರೆ ಗೇಟಿನ ಮುಂದೆ ಅವನ ಪಿಕಪ್ ಇಂಜಿನ್ ಓಡುತ್ತಾ ನಿಂತಿತ್ತು, ಅವನ ಹಣೆ ಸ್ಟೀರಿಂಗಿನ ಮೇಲಿತ್ತು. ಒಂದು ದಿನವೂ ಜ್ವರ ಅಂತ ಮಲಗಿದವನಲ್ಲ. ಲವಾನ್ ಇನ್ನೂ ಅತ್ತಿರಲಿಲ್ಲ. ನಂಬಿದರೆ ತಾನೇ ಅಳುವುದು?

“ಆರ್ಡಿಸ್ ಚಿಕ್ಕಮ್ಮ ಬಂದಿದಾರೆ,” ಎಂದಳು ಕಾರ್ಲಾ ಮೆಲ್ಲಗೆ. “ಕೊನೇ ಬೆಂಚಲ್ಲಿ ಕೂತಿದಾರೆ.”

“ಕೂತ್ಕೊಳ್ಳಲಿ. ಚರ್ಚು ನಂದಲ್ಲ.”

ಚರ್ಚು ತುಂಬಿತ್ತು. ಹ್ಯಾಸ್ಕಿನ್ಸ್ ಕೌಂಟಿ ಎಂಬ ಈ ಪುಟ್ಟ ಜಿಲ್ಲೆಯಲ್ಲಿ ಮದುವೆಗೆ ಕರೆದವರು ಬರುತ್ತಾರೆ, ಸಾವಿಗೆ ಎಲ್ಲರೂ ಬರುತ್ತಾರೆ. ಅದರಲ್ಲೂ ಎಲ್ಡನ್ ನಲವತ್ತೈದು ವರ್ಷ ಗಾಳಿಯಂತ್ರ ರಿಪೇರಿ ಮಾಡಿದವನು. ಈ ಮರಳುಗುಡ್ಡಗಳ ನಡುವೆ ಅವನು ಹತ್ತದ ಯಂತ್ರವಿರಲಿಲ್ಲ, ಅವನ ದಯೆಯಿಂದ ನೀರು ಕುಡಿಯದ ದನವಿರಲಿಲ್ಲ. ಲವಾನ್ ಮುಂದಿನ ಸಾಲಿನಲ್ಲಿ ಕೂತಾಗ ಹಿಂದೆ ಇಬ್ಬರು ಮುದುಕರು ಪಿಸುಗುಟ್ಟುತ್ತಿದ್ದರು.

“ಹೋದ ವಾರ ಈ ಕೌಂಟೀಲಿ ಆರುನೂರ ಹನ್ನೆರಡು ಜನ ಇದ್ವಿ. ಈಗ ಹನ್ನೊಂದು ನೋಡು.”

“ಹನ್ನೆರಡೇ. ಷ್ಮಿಟ್ ಸೊಸೆ ನಿನ್ನೆ ಹೆತ್ತಳು.”

“ಅದು ಆಸ್ಪತ್ರೆಗೆ ಅಂತ ಪಕ್ಕದ ಕೌಂಟೀಲಿ ಹುಟ್ಟಿದ್ದು.”

“ಹುಟ್ಟಿದ್ದು ಎಲ್ಲಾದ್ರೇನು, ಹಾಲು ಕುಡಿಯೋದು ಇಲ್ಲೇ ತಾನೇ?”

* * *

ಇಪ್ಪತ್ತಾರು ವರ್ಷದ ಹಿಂದೆ ಎಲ್ಡನ್‌ನನ್ನು ಕೌಂಟಿ ಕಮಿಷನರ್ ಚುನಾವಣೆಗೆ ನಿಲ್ಲಿಸಿದವಳು ಲವಾನ್. ಅವನಿಗೆ ಅದರ ಆಸೆಯೇ ಇರಲಿಲ್ಲ. ಅವಳಿಗೆ ಸೇತುವೆಯ ಚಿಂತೆ. ನದಿ ಕೌಂಟಿಯನ್ನು ಎರಡು ಹೋಳು ಮಾಡಿಟ್ಟಿದೆ. ಈ ದಡದಲ್ಲಿ ಲವಾನ್ ಮನೆ, ಆ ದಡದಲ್ಲಿ ತಂಗಿ ಆರ್ಡಿಸ್ ಮನೆ, ನಡುವೆ ಹಲಗೆಯ ಹಳೇ ಸೇತುವೆ. ಸೇತುವೆ ದಾಟಿದರೆ ನಾಲ್ಕು ಮೈಲಿ, ಇಲ್ಲದಿದ್ದರೆ ಸುತ್ತಿ ಬಳಸಿ ಮೂವತ್ತು.

ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳಲ್ಲಿ ಒಬ್ಬ ಸೇತುವೆ ಮುಚ್ಚೋಣ ಎನ್ನುತ್ತಿದ್ದ, ಇನ್ನೊಬ್ಬ ಬೇಡ ಎನ್ನುತ್ತಿದ್ದ. ಖಾಲಿ ಇದ್ದ ಮೂರನೆಯ ಸ್ಥಾನಕ್ಕೆ ಗೇಲನ್ ಪೊಕೊರ್ನಿ ನಿಂತ. ಅವನು ಮುಚ್ಚುವವರ ಕಡೆ. ಅವನಿಗೆದುರು ಎಲ್ಡನ್. ಇಬ್ಬರದೂ ಒಂದೇ ಪಕ್ಷ, ಯಾಕೆಂದರೆ ಇನ್ನೊಂದು ಪಕ್ಷದವರು ಇಲ್ಲಿ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ. ಅಭ್ಯರ್ಥಿಯನ್ನು ಆರಿಸಲು ಮೇ ತಿಂಗಳಲ್ಲಿ ಪಕ್ಷದೊಳಗೇ ನಡೆಯುವುದು ನಿಜವಾದ ಚುನಾವಣೆ, ನವೆಂಬರಿನದು ಬರೀ ಶಾಸ್ತ್ರ.

ಅವರ ಕ್ಷೇತ್ರದಲ್ಲಿ ವೋಟು ಹಾಕಿದವರು ತೊಂಬತ್ತನಾಲ್ಕು ಜನ. ಎಲ್ಡನ್‌ಗೆ ನಲವತ್ತೇಳು, ಗೇಲನ್‌ಗೆ ನಲವತ್ತೇಳು. ಸಮ ಬಂದರೆ ಅದೃಷ್ಟಕ್ಕೆ ಬಿಡಬೇಕೆಂಬುದು ಕಾನೂನು. ಕೌಂಟಿ ಕಚೇರಿಯಲ್ಲಿ ಗುಮಾಸ್ತೆ ಇಸ್ಪೀಟೆಲೆ ಕಲಸಿ ಮೇಜಿನ ಮೇಲೆ ಹರಡಿದಳು. ಎಲ್ಡನ್ ಎಳೆದದ್ದು ಕಳಾವರ್ ನಾಲ್ಕು, ಗೇಲನ್ ಎಳೆದದ್ದು ಡೈಮಂಡ್ ಒಂಬತ್ತು. ಎಲ್ಡನ್ ಅಲ್ಲಿಂದಲೇ ಮನೆಗೆ ಫೋನ್ ಮಾಡಿ “ಸೋತೆ” ಎಂದ.

ಲವಾನ್ ಅಡಿಗೆಮನೆಯ ಮೇಜಿನ ಮುಂದೆ ಕೂತು ಎಲ್ಡನ್ ಹೆಸರಿನಿಂದ ಶುರುಮಾಡಿ ವೋಟು ಹಾಕಿದವರ ಹೆಸರನ್ನೆಲ್ಲ ಬರೆದಳು. ಯಾರು ಯಾರ ಕಡೆ ಎಂದು ತಿಳಿಯಲು ಇಲ್ಲಿ ಜ್ಯೋತಿಷಿ ಬೇಕಾಗಿಲ್ಲ. ಮೂರು ಸಲ ಎಣಿಸಿದರೂ ಎಲ್ಡನ್‌ಗೆ ನಲವತ್ತೆಂಟು ಬರಬೇಕಿತ್ತು. ಯಾರೋ ಒಬ್ಬರು ಕೈಕೊಟ್ಟಿದ್ದಾರೆ. ಪೆನ್ಸಿಲ್ ಆರ್ಡಿಸ್ ಹೆಸರಿನ ಮೇಲೆ ನಿಂತಿತು. ಆರ್ಡಿಸ್‌ಳ ಗಂಡ ವರ್ನ್‌ನ ದನಗಳು ಮೇಯುತ್ತಿದ್ದದ್ದು ಗೇಲನ್‌ನ ಹುಲ್ಲುಗಾವಲಿನಲ್ಲಿ. ವರ್ನ್ ಗೇಲನ್‌ಗೇ ಹಾಕುತ್ತಾನೆಂದು ಲವಾನ್ ಮೊದಲೇ ಎಣಿಸಿದ್ದಳು. ಈಗ ಹೆಂಡತಿಯೂ ಗಂಡನ ಹಿಂದೆ ಹೋಗಿದ್ದಾಳೆ. ಲವಾನ್ ಫೋನ್ ಎತ್ತಿದಳು.

“ನೀನು ಯಾರಿಗೆ ಹಾಕ್ದೆ?”

“ಇದೇನು ಕೇಳೋ ಮಾತಾ, ಲವಾನ್?”

“ಕೇಳ್ತಿದೀನಲ್ಲ.”

“ಕೇಳ್ಬೇಕು ಅಂತ ನಿಂಗೆ ಅನ್ಸಿದ್ರೆ ನಾನು ಹೇಳೋದಿಲ್ಲ.”

“ಅಂದ್ರೆ ಒಂದು ಹುಲ್ಲುಗಾವಲಿಗೆ ಅಕ್ಕನ್ನ ಮಾರ್ಕೊಂಡೆ ಅಂತಾಯ್ತು.”

ಆರ್ಡಿಸ್ ಫೋನ್ ಇಟ್ಟಳು. ಆ ವರ್ಷವೇ ಸೇತುವೆ ಮುಚ್ಚಿತು.

ಆರುನೂರು ಜನರ ಕೌಂಟಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬದುಕುವುದು ಹುಡುಗಾಟವಲ್ಲ. ಇರುವುದೇ ಒಂದು ಅಂಗಡಿ, ಒಂದು ಅಂಚೆಕಚೇರಿ. ಅಕ್ಕತಂಗಿಯರು ಅದನ್ನೂ ಸಾಧಿಸಿದರು. ಮಂಗಳವಾರದ ಅಂಗಡಿ ಆರ್ಡಿಸ್‌ಳದು, ಗುರುವಾರದ್ದು ಲವಾನ್‌ಳದು. ಒಂಬತ್ತು ವರ್ಷದ ಹಿಂದೆ ವರ್ನ್ ಸತ್ತಾಗ ಲವಾನ್ ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ ಒಂದು ಟ್ರೇ ಎಲ್ಡನ್ ಕೈಯಲ್ಲಿ ಕಳಿಸಿದಳು, ತಾನು ಹೋಗಲಿಲ್ಲ. ಟ್ರೇ ತೊಳೆದು ವಾಪಸ್ಸು ಬಂತು. ಅದರ ಜೊತೆ ಒಂದು ಮಾತೂ ಬರಲಿಲ್ಲ.

* * *

ಪ್ರಾರ್ಥನೆ ಮುಗಿಸಿ ಪಾದ್ರಿ, ಎಲ್ಡನ್ ಬಗ್ಗೆ ಯಾರಾದರೂ ಎರಡು ಮಾತು ಹೇಳುವುದಿದ್ದರೆ ಹೇಳಿ ಎಂದರು. ಇಂಥ ಹೊತ್ತಿನಲ್ಲಿ ಎಲ್ಲರೂ ತಮ್ಮ ಬೂಟು ನೋಡಿಕೊಳ್ಳುವುದು ವಾಡಿಕೆ. ಆದರೆ ಗೇಲನ್ ಪೊಕೊರ್ನಿ ಎದ್ದ. ಎಂಬತ್ತು ದಾಟಿದ ಮನುಷ್ಯ, ಕೋಲೂರಿಕೊಂಡು ಮುಂದೆ ಬಂದ.

“ನಾನು ಇಪ್ಪತ್ತು ವರ್ಷ ಕಮಿಷನರ್ ಆಗಿದ್ದೆ. ಇಸ್ಪೀಟಲ್ಲಿ ಗೆದ್ದೋನು ಅಂತ ನೀವೆಲ್ಲ ಆಡ್ಕೋತೀರಿ, ನಂಗೊತ್ತು. ಆದ್ರೆ ನಾನು ಗೆದ್ದಿದ್ದು ಹಾಗಲ್ಲ. ಆವತ್ತು ಎಲೆ ಎಳೆದು ಹೊರಗೆ ಬಂದಾಗ ಎಲ್ಡನ್ ನನ್ನ ಕೈ ಕುಲುಕಿ, ‘ಗೇಲನ್, ನಾನೂ ನಿಂಗೇ ಹಾಕಿದ್ದು’ ಅಂದ. ತಮಾಷೆ ಅಂದ್ಕೊಂಡೆ. ‘ಇಲ್ಲ ಕಣೋ, ನನ್ನ ಹೆಸರಿನ ಮುಂದೆ ನಾನೇ ಗುರುತು ಹಾಕೋಕೆ ನಾಚಿಕೆ ಆಯ್ತು. ಊಟಕ್ಕೆ ಕೂತಾಗ ದೊಡ್ಡ ತುಂಡು ತಾವೇ ತೊಗೊಂಡೋರನ್ನ ನಮ್ಮಪ್ಪ ಎಬ್ಬಿಸಿ ಕಳಿಸ್ತಿದ್ದ’ ಅಂದ.”

ಚರ್ಚಿನಲ್ಲಿ ಮೆಲ್ಲನೆ ನಗು ಎದ್ದಿತು. ಕೆಲವರು ಕಣ್ಣೊರೆಸಿಕೊಂಡರು.

“ನೀನ್ ಯಾರಿಗೆ ಹಾಕ್ದೆ, ಗೇಲನ್?” ಎಂದು ಹಿಂದಿನಿಂದ ಯಾರೋ ಕೇಳಿದರು.

“ನಂಗೇ ಹಾಕ್ಕೊಂಡೆ. ನಮ್ಮಪ್ಪ ಅಂಥದ್ದೇನೂ ಕಲಿಸಿರಲಿಲ್ಲ.”

ಈಗ ಎಲ್ಲರೂ ನಕ್ಕರು, ಪಾದ್ರಿ ಕೂಡ. ಲವಾನ್‌ಗೆ ಎದೆಗೆ ದನ ಒದ್ದ ಹಾಗಾಯಿತು. ಗೇಲನ್‌ನ ಬಾಯಿ ಆಡುತ್ತಿರುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನಲವತ್ತೆಂಟು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಪಟ್ಟಿಯಲ್ಲಿ ಎಲ್ಲರ ಹೆಸರಿನ ಮೇಲೂ ಪೆನ್ಸಿಲ್ ನಿಲ್ಲಿಸಿ ಯೋಚಿಸಿದ್ದಳು, ಮೊದಲ ಹೆಸರೊಂದನ್ನು ಬಿಟ್ಟು.

ಅವಳು ಹಿಂದಕ್ಕೆ ತಿರುಗಿದಳು. ಇಪ್ಪತ್ತಾರು ವರ್ಷದ ಮೇಲೆ ತಂಗಿಯ ಮುಖವನ್ನು ನೇರವಾಗಿ ನೋಡಿದಳು. ತನ್ನನ್ನು ಬಿಟ್ಟರೆ ಇಡೀ ಚರ್ಚಿನಲ್ಲಿ ನಗದೆ ಇದ್ದವಳು ಆರ್ಡಿಸ್ ಒಬ್ಬಳೇ. ಮುಖ ಬಿಳಿಚಿಕೊಂಡಿತ್ತು. ಅವಳಿಗೂ ಇದು ಈಗಲೇ ಗೊತ್ತಾಗಿತ್ತು.

ಪೆಟ್ಟಿಗೆಯನ್ನು ಗಾಡಿಗೆ ಏರಿಸುವಾಗ ಲವಾನ್ ಅಂಗಳದಲ್ಲಿ ಗೇಲನ್‌ನ ತೋಳು ಹಿಡಿದು ನಿಲ್ಲಿಸಿದಳು.

“ಮಾತು ಹೆಚ್ಚಾಯ್ತಾ, ಲವಾನ್?” ಎಂದ ಅವನು ಅವಳ ಮುಖ ನೋಡಿ ಗಾಬರಿಯಾಗಿ. “ನಿಂಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ. ಆವತ್ತೇ ಹೇಳ್ತೀನಿ ಅಂದಿದ್ದ.”

“ಏನಂದಿದ್ದ?”

“‘ಮನೆಗೆ ಹೋದ ತಕ್ಷಣ ಲವಾನ್‌ಗೆ ಹೇಳ್ಬಿಡ್ತೀನಿ. ಆಮೇಲೂ ಬದುಕಿದ್ರೆ ನಾಳೆ ಸಿಗ್ತೀನಿ’ ಅಂದಿದ್ದ. ಮಾರನೇ ದಿನ ಸಿಕ್ಕಿದ. ಅದಕ್ಕೇ ಹೇಳಿರ್ತಾನೆ ಅಂದ್ಕೊಂಡೆ.”

ಅವಳು ತೋಳು ಬಿಟ್ಟಳು.

* * *

ಎಲ್ಡನ್ ಹೇಳಲು ಬಂದಿದ್ದ. ಅದೂ ಈಗ ನೆನಪಾಯಿತು. ಅವತ್ತು ಅಡಿಗೆಮನೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು, “ಲವಾನ್, ಆ ಒಂದು ವೋಟಿನ ವಿಷಯ...” ಎಂದಿದ್ದ.

“ಗೊತ್ತಾಯ್ತು ಬಿಡು. ಆರ್ಡಿಸ್. ಈಗಷ್ಟೇ ಫೋನಲ್ಲಿ ಅವಳ ಜನ್ಮ ಜಾಲಾಡಿದೆ. ಇನ್ನು ನಂಗೆ ತಂಗಿ ಅನ್ನೋಳು ಇಲ್ಲ.”

ಎಲ್ಡನ್ ಟೋಪಿಯನ್ನು ಮತ್ತೆ ತಲೆಗೇರಿಸಿದ. “ಇಷ್ಟು ಬೇಗ ಫೋನ್ ಮಾಡ್ಬಿಟ್ಯಾ?” ಎಂದಷ್ಟೇ ಕೇಳಿದ. ಆಮೇಲೆ ಗ್ರೀಸ್ ಡಬ್ಬಿ ಎತ್ತಿಕೊಂಡು ಹೊರಗೆ ಹೋದ.

ಅಂದಿನಿಂದ ಆರ್ಡಿಸ್ ಮಾತು ಬಂದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. ತಂಗಿ ಮಾಡಿದ ದ್ರೋಹಕ್ಕೆ ಪಾಪ ನೊಂದಿದ್ದಾನೆ ಎಂದು ಲವಾನ್ ತಿಳಿದಿದ್ದಳು. ಪ್ರತಿ ವಸಂತದಲ್ಲೂ ಮೂವತ್ತು ಮೈಲಿ ಸುತ್ತಿ ಹೋಗಿ ಆರ್ಡಿಸ್ ಮನೆಯ ಗಾಳಿಯಂತ್ರ ನೋಡಿ ಬರುತ್ತಿದ್ದ. ಬೇಡ ಎಂದರೆ, ದನಗಳು ಏನು ಪಾಪ ಮಾಡಿವೆ ಎನ್ನುತ್ತಿದ್ದ. ಹೆಂಡತಿ ಹಾಕಿದ ಗೆರೆ ದಾಟದ ಮನುಷ್ಯ ಆ ಒಂದು ವಿಷಯದಲ್ಲಿ ಮಾತ್ರ ಅವಳ ಮಾತು ಕೇಳಿರಲಿಲ್ಲ.

* * *

ಸ್ಮಶಾನ ಊರಾಚೆ ಗುಡ್ಡದ ಮೇಲಿದೆ. ಗಾಳಿಗೆ ಹೆಂಗಸರು ಲಂಗ ಹಿಡಿದುಕೊಂಡು ನಿಂತಿದ್ದರು. ಪೆಟ್ಟಿಗೆ ಗುಂಡಿಗೆ ಇಳಿಯಿತು. ಮೊದಲು ಹೆಂಡತಿ ಒಂದು ಹಿಡಿ ಮರಳು ಹಾಕಬೇಕು, ಆಮೇಲೆ ಮಕ್ಕಳು, ಆಮೇಲೆ ಊರು. ಲವಾನ್ ಬಗ್ಗಿ ಮುಷ್ಟಿ ತುಂಬಿಕೊಂಡಳು. ಅವಳ ಹಿಂದೆ ಉಳಿದವರೂ ತುಂಬಿಕೊಂಡರು.

ಅವಳು ಹಾಕಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂದಿತ್ತು. ಅವನ ಮೇಲಿನದೆಷ್ಟು, ತನ್ನ ಮೇಲಿನದೆಷ್ಟು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

“ಅಮ್ಮ, ಹಾಕು,” ಎಂದಳು ಕಾರ್ಲಾ.

“ಹೇಡಿ,” ಎಂದಳು ಲವಾನ್, ಪೆಟ್ಟಿಗೆಗೆ. ಪಾದ್ರಿ ಪುಸ್ತಕದೊಳಗೆ ಮುಖ ಹುದುಗಿಸಿದರು.

ಅವಳು ತಿರುಗಿ ನಡೆದಳು. ಜನ ಬೆಚ್ಚಿ ದಾರಿ ಬಿಟ್ಟರು. ಆರ್ಡಿಸ್ ಎಲ್ಲರ ಹಿಂದೆ ಬೇಲಿಯ ಹತ್ತಿರ ನಿಂತಿದ್ದಳು.

“ಎಲ್ಡನ್‌ಗೇ ಹಾಕಿದ್ದು ಅಂತ ಒಂದು ಮಾತು ಹೇಳಬಹುದಿತ್ತಲ್ಲ,” ಎಂದಳು ಲವಾನ್.

“ನೀನು ಕೇಳದೆ ಇರಬಹುದಿತ್ತು.”

ಆರ್ಡಿಸ್ ಬೇಲಿಯ ಕಂಬ ಹಿಡಿದುಕೊಂಡಳು.

“ಆ ಸೇತುವೆ ನಂಗೂ ಬೇಕಿತ್ತು ಲವಾನ್. ಅದರಾಚೆ ನೀನಿದ್ದೆ.”

ಲವಾನ್ ಸಮಾಧಿಯ ಕಲ್ಲುಗಳ ಸಾಲಿನತ್ತ ತಿರುಗಿ ಕೇಳಿದಳು: “ವರ್ನ್ ಎಲ್ಲಿದಾನೆ?”

ಆರ್ಡಿಸ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೂರನೇ ಸಾಲಿನ ಕೊನೆಯ ಕಲ್ಲಿನ ಕಡೆ ಕೈ ತೋರಿಸಿದಳು. ಲವಾನ್ ಅತ್ತ ನಡೆದಳು, ಆರ್ಡಿಸ್ ಒಂದು ಹೆಜ್ಜೆ ಹಿಂದೆ. ಈ ಗುಡ್ಡಗಳ ಮರಳು ಒಣ ಮರಳು, ಮುಷ್ಟಿಯಲ್ಲಿ ನಿಲ್ಲುವುದಿಲ್ಲ. ಎಷ್ಟು ಬಿಗಿ ಹಿಡಿದರೂ ಹೆಜ್ಜೆಹೆಜ್ಜೆಗೆ ಬೆರಳ ಸಂದಿನಿಂದ ಸೋರುತ್ತಾ ಅವಳ ಕಪ್ಪು ಬೂಟಿನ ಮೇಲೆ ಬೀಳುತ್ತಿತ್ತು. ಕಲ್ಲಿನ ಮುಂದೆ ಮಂಡಿಯೂರಿ ಅಂಗೈ ಬಿಚ್ಚಿದಾಗ ಉಳಿದದ್ದು ಒಂದು ಚಿಟಿಕೆ. ಅದನ್ನೇ, ಒಂಬತ್ತು ವರ್ಷ ತಡವಾಗಿ, ವರ್ನ್‌ನ ಸಮಾಧಿಯ ಹುಲ್ಲಿನ ಮೇಲೆ ಉದುರಿಸಿದಳು.

ಅತ್ತ ಎಲ್ಡನ್‌ನ ಗುಂಡಿಯ ಸುತ್ತ ಜನ ಮುಷ್ಟಿ ಹಿಡಿದು ಕಾಯುತ್ತಿದ್ದರು. ಹೆಂಡತಿ ಹಾಕದೆ ಯಾರೂ ಹಾಕುವ ಹಾಗಿರಲಿಲ್ಲ.