ಬಾಯ್ಲರಿನ ಹೊನ್ನ ಜ್ವಾಲೆ

ಪೋರೂರಿನ ಆಸ್ಪತ್ರೆಯೊಂದರ ಎದುರು, ರೋಗಿಗಳ ಬಂಧುಗಳಿಗೆ ನಿತ್ಯವೂ ಅನ್ನವಿಕ್ಕುವ ಕನ್ನಡಿಗರ ಛತ್ರಕ್ಕೆ ತಿರುಮಲೇಶಾಚಾರ್ಯರೇ ಹಿರಿಯರು. ನಲವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ಅವರು ಅಡುಗೆಮನೆಯ ಆವಿ ಬಾಯ್ಲರನ್ನೂ ಯಜ್ಞಕುಂಡವೆಂದೇ ಭಾವಿಸಿದ್ದರು. ತಿಂಗಳ ಹಿಂದೆ ಅದರ ಬರ್ನರಿನಲ್ಲಿ ಗಿಡ್ಡನೆಯ ನೀಲಿ ಜ್ವಾಲೆಯನ್ನು ಕಂಡು, ಅಗ್ನಿ ಬಡವಾಗಿದ್ದಾನೆ ಎನ್ನಿಸಿ, ಗಾಳಿ ಒಳಹೋಗುವ ಕಿಂಡಿಯ ತಿರುಪನ್ನು ತಾವೇ ಸಡಿಲಿಸಿ ಕಿಂಡಿಯನ್ನು ಅರ್ಧ ಮುಚ್ಚಿದ್ದರು. ಜ್ವಾಲೆ ಹೊನ್ನಿನ ಬಣ್ಣ ತಳೆದು ನೀಳವಾಗಿ ಎದ್ದಿತು. ಆಚಾರ್ಯರು ಕೈಮುಗಿದರು, ಯಾರಿಗೂ ಹೇಳಲಿಲ್ಲ.

ಅಂದಿನಿಂದ, ತಾಂಬರಂನಿಂದ ಮೊದಲ ರೈಲಿಗೇ ಬರುವ ಅಡುಗೆಯ ಕಲಾವತಿಗೆ ತಲೆನೋವು ಹಿಡಿಯಿತು. ಉಪವಾಸ ಹೆಚ್ಚಾಯಿತೆಂದು ಬುದ್ಧಿ ಹೇಳಿ ಆಚಾರ್ಯರು ಆಕೆಯ ಏಕಾದಶಿಯನ್ನೇ ಬಿಡಿಸಿದರು. ನೋವು ಬಿಡಲಿಲ್ಲ. ಬುಧವಾರ ಆಕೆ ಅನ್ನದ ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದಳು. ಎದುರಿನ ಆಸ್ಪತ್ರೆಯ ವೈದ್ಯರು ರಕ್ತ ಪರೀಕ್ಷಿಸಿ, ಇದು ವಿಷಗಾಳಿಯ ಕೆಲಸ, ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು, ಮೊದಲು ಬಾಯ್ಲರ್ ಆರಿಸಿ ಎಂದರು.

ಎರಡು ದಿನದ ಮೇಲೆ ಬಂದ ಬರ್ನರ್ ತಂತ್ರಜ್ಞೆ ರಚನಾ ಪೆರಂಬೂರಿನ ರೈಲ್ವೆ ಕನ್ನಡಿಗರ ಮಗಳು. ಕಿಟಕಿ ಬಾಗಿಲುಗಳನ್ನೆಲ್ಲ ತೆರೆಸಿ, ಬಾಯ್ಲರ್ ಹೊತ್ತಿಸಿ, ಹೊಗೆಕೊಳವೆಯೊಳಕ್ಕೆ ವಿಷಗಾಳಿ ಅಳೆಯುವ ಮಾಪಕದ ಕಡ್ಡಿ ತೂರಿಸಿದವಳು ಅಂಕಿ ನೋಡಿದೊಡನೆ ಆರಿಸಿಬಿಟ್ಟಳು. ಗಾಳಿ ಸಾಲದ ಬೆಂಕಿ ಮಸಿಯನ್ನೂ ವಿಷವನ್ನೂ ಹುಟ್ಟಿಸಿದೆ, ಮಸಿ ಕೊಳವೆಯನ್ನು ಕಟ್ಟಿದ್ದರಿಂದ ವಿಷ ಒಳಕ್ಕೇ ತಿರುಗಿದೆ ಎಂದು ವಿವರಿಸಿದಳು.

"ಯಾರ್ ಸಾರ್ ಈ ಗಾಳಿಕಿಂಡಿ ಶಟರ್ ಮೇಲೆ ಕೈ ಇಟ್ಟಿದ್ದು?"

ಬಾಗಿಲಲ್ಲಿ ಚೇತರಿಸಿಕೊಂಡ ಕಲಾವತಿ ನಿಂತಿದ್ದಳು. ಆಚಾರ್ಯರು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನೇ, ತಾಯಿ," ಎಂದರು ಆಚಾರ್ಯರು. "ಅಗ್ನಿಗೆ ವಾಯುಸಖನೆಂದು ಹೆಸರು, ಗಾಳಿಯೇ ಅವನ ಗೆಳೆಯ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆ ಗೆಳೆಯನನ್ನೇ ಹೊರಗಿಟ್ಟೆ. ಕಲಾವತಿ, ನಿನ್ನ ಜೀವಕ್ಕೇ ಸಂಚಕಾರ ತಂದಿದ್ದೆ."

ಕಲಾವತಿ ಹೊಸಿಲು ದಾಟಿ ಒಳಬಂದಳು. "ನಾನು ಬಿಟ್ಟ ಎರಡು ಏಕಾದಶಿಯನ್ನ ನೀವೇ ಮಾಡಿ ತೀರಿಸಿ, ಸ್ವಾಮಿ," ಎಂದಳು.

ರಚನಾ ಮಸಿಯನ್ನೆಲ್ಲ ಕೆರೆದು ತೆಗೆದು, ಮತ್ತೆ ಹೊತ್ತಿಸಿ, ಮಾಪಕದ ಮೇಲೆ ಕಣ್ಣಿಟ್ಟು ಕಿಂಡಿಯನ್ನು ಕೂದಲೆಳೆಯಷ್ಟೇ ತೆರೆಯುತ್ತ ಹೋದಳು. ಪೂರ್ತಿ ತೆರೆದುಬಿಡು ಎಂದು ಆಚಾರ್ಯರು ಅವಸರಪಟ್ಟರು. ಗಾಳಿ ಅತಿಯಾದರೆ ಬಿಸಿಯೆಲ್ಲ ಕೊಳವೆಯಲ್ಲಿ ಹಾರಿಹೋಗುತ್ತದೆ, ಗ್ಯಾಸ್ ದಂಡ ಎಂದು ಅವಳು ತಡೆದಳು. ವಿಷದ ಅಂಕಿ ತಳಕ್ಕಿಳಿದು ಕದಲದೆ ನಿಂತ ಜಾಗದಲ್ಲಿ ತಿರುಪು ಬಿಗಿದು, ಗುರುತು ಹಾಕಲು ಬಣ್ಣ ಕೇಳಿದಳು. ಆಚಾರ್ಯರು ದೇವರ ಮುಂದಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ತಂದರು.

"ಇನ್ಮೇಲೆ ಇದನ್ನ ಯಾರೂ ಮುಟ್ಟಕೂಡಾದು ಸಾರ್, ಸರಿಯಾ?"

ಮುಂದಿನ ಏಕಾದಶಿಯಂದು ಆಚಾರ್ಯರು ನೀರನ್ನೂ ಮುಟ್ಟಲಿಲ್ಲ. ಕಲಾವತಿ ಕೊಪ್ಪರಿಗೆಯ ಬಳಿ ನೆಟ್ಟಗೆ ನಿಂತು, ಗೊಣಗುತ್ತ, ಸೌಟಾಡಿಸುತ್ತಿದ್ದಳು. ಆ ಗೊಣಗಾಟ ಅವರಿಗೆ ಸ್ತೋತ್ರದಷ್ಟು ಹಿತವಾಗಿತ್ತು. ಬರ್ನರಿನಲ್ಲಿ ಗಿಡ್ಡನೆಯ ನೀಲಿ ಜ್ವಾಲೆ. ಅವರು ಕೈಮುಗಿದರು, ಮೊದಲು ಕುಂಕುಮದ ಗುರುತಿಗೆ, ಆಮೇಲೆ ಅಗ್ನಿಗೆ.