ಮುಲಾಮಿನ ವಾಸನೆ

ಆ ವಾಸನೆ ತನ್ನ ಕೈಯದೇ ಇರಬಹುದೇ? ನಿನ್ನೆ ಮಗಳ ಕಾಲಿನಿಂದ ತೊಳೆದ ಔಷಧ ಇನ್ನೂ ಬೆರಳಿಗೆ ಅಂಟಿಕೊಂಡಿದೆಯೇ? ಕೆಂಪನಂಜಪ್ಪ ಕೈ ಮೂಸಿ ನೋಡಿಕೊಂಡ. ಸಗಣಿ, ಹಿಪ್ಪುನೇರಳೆ ಸೊಪ್ಪಿನ ಒಗರು, ಅಷ್ಟೆ. ಇದು ಬೇರೆ, ಕಣ್ಣಿಗೆ ಹತ್ತುವಂಥದು. ರೇಷ್ಮೆಹುಳದ ತಟ್ಟೆಗಳ ನಡುವೆ ಜಮೀನಿನ ಒಡೆಯ ಸದಾಶಿವಪ್ಪ ಬಗ್ಗಿ ನಿಂತಿದ್ದರು. ಅವರು ಸರಿದರೆ ವಾಸನೆಯೂ ಸರಿಯುತ್ತಿತ್ತು.

"ಏನ್ಲಾ, ನಾಯಿ ತರ ಮೂಸ್ತಾ ನಿಂತಿದ್ದೀಯ? ಸೊಪ್ಪು ಆಕ್ಲಾ ಬೋಳಿಮಗ್ನೆ."

"ಆಕ್ದಿ ಬುದ್ದಿ."

"ಕೊಯಮತ್ತೂರ್ ಜಿಲ್ಲಾ ಕಚೇರಿಗೆ ಓಗ್ ಬಂದಿವ್ನಿ. ಬಸ್ಸಲ್ಲಿ ಕುಂತು ತಲೆ ಸಿಡೀತಾ ಅದ." ಸದಾಶಿವಪ್ಪ ಹಣೆ ಒತ್ತಿಕೊಂಡರು. ಅಲ್ಲಿ ಮುಲಾಮು ಮಿನುಗುತ್ತಿತ್ತು. "ನಿನ್ನ ಮಗ್ಳು ಔಷ್ದಿ ಬಳ್ಕಂಡು ಬಂದಿದ್ಲಂತೆ?"

"ಬಾಗ್ಲಲ್ಲೇ ತೊಳ್ದಾಕ್ದಿ ಬುದ್ದಿ. ಒಳಕ್ಕ ಬುಡ್ನಿಲ್ಲ."

"ಉಳ ಏನಾರ ಕೆಟ್ವೋ, ನಿನ್ನ, ನಿನ್ನೆಂಡ್ರ, ಆ ಕುಂಟೀನ, ಎಲ್ಲಾರ್ನೂ ಈಚ್ಗ ಎಸೀತೀನಿ."

ಮುಳ್ಳೂರಿನ ಆ ಹುಳದ ಮನೆಯ ಒಂದು ಮೂಲೆಯೇ ಅವರ ಸಂಸಾರ. ಆದರೂ ಅವನಿಗೆ ಆ ಬೆದರಿಕೆ ಬೇಕಿರಲಿಲ್ಲ. ಕೆಂಪನಂಜಪ್ಪ ಎಳೆಯನಾಗಿದ್ದಾಗ ಬೇವಿನೆಣ್ಣೆ ಹಚ್ಚಿಕೊಂಡ ಬಾಣಂತಿಯೊಬ್ಬಳು ಒಳಗೆ ಬಂದಳು. ಸಂಜೆಯೊಳಗೆ ಹುಳವೆಲ್ಲ ಕಪ್ಪಾದವು. ಅವನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದ ಅಪ್ಪ ಮೂರು ದಿನ ಉಣ್ಣಲಿಲ್ಲ. ಅಂದಿನಿಂದ, ಘಾಟು ವಾಸನೆಗೆ ಹುಳ ಸಾಯುತ್ತವೆಂದು ನಂಬಿದ ಕೆಂಪನಂಜಪ್ಪ ಹುಳದ ಕಾಲದಲ್ಲಿ ಒಗ್ಗರಣೆ ಹಾಕಗೊಟ್ಟವನಲ್ಲ, ಬೀಡಿ ಸೇದಿದವನಲ್ಲ.

ಒಂಬತ್ತು ವರ್ಷದ ರುದ್ರಾಣಿ ಗೋಣಿಯ ಮೇಲೆ ಮಲಗಿದ್ದಳು. ಸೊಪ್ಪು ತರಲು ಹೋದವಳ ಅಂಗಾಲಿಗೆ ಕೊಯ್ದ ಗಿಡದ ಕೂಳೆ ಆಳವಾಗಿ ನಟ್ಟಿತ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕಂಪೌಂಡರು ಕಟ್ಟಿಕೊಟ್ಟ ಔಷಧದ ಬಟ್ಟೆ ಬಿಚ್ಚಿ, ಬೂದಿಯಿಂದ ಉಜ್ಜಿ ತೊಳೆದು, ತಟ್ಟೆಗೆ ಬಳಿಯುವ ಸಗಣಿಯನ್ನೇ ಅವನು ಗಾಯಕ್ಕೂ ಮೆತ್ತಿದ್ದ.

ಸದಾಶಿವಪ್ಪ ಹೋದ ಮೇಲೆ ಹೆಂಡತಿ ಪುಟ್ಟಬಸಮ್ಮ ಸೊಪ್ಪಿನ ಹೊರೆ ಇಳಿಸಿದಳು.

"ಸೂಜಿ ಆಕುಸ್ಬೇಕು, ಇವತ್ತೇ ಕರ್ಕಂಡ್ ಬಾ ಅಂದವ್ರ ಆ ಕಂಪೌಂಡ್ರು. ಓಗ್ ಬತ್ತೀನಿ."

ಕೆಂಪನಂಜಪ್ಪ ತಟ್ಟೆಗಳತ್ತ ನೋಡಿದ. ಮುಲಾಮಿನ ವಾಸನೆ ಇನ್ನೂ ನಿಂತಿತ್ತು. ಹುಳ ತಲೆ ಎತ್ತದೆ ಸೊಪ್ಪು ಕಡಿಯುತ್ತಿದ್ದವು. ಅದನ್ನು ಹೇಳಬೇಕೆಂದು ಬಾಯಿ ತೆರೆದ.

"ಮತ್ತ ಔಷ್ದಿ ವಾಸ್ನೆ ಬತ್ತದ. ಗೂಡು ಕಟ್ಟೋಗಂಟ ಬ್ಯಾಡ," ಅಂದ.

"ಅಲ್ಲೀಗಂಟ ಮಗಿನ ಕಾಲು?"

"ಬ್ಯಾಡ ಅಂದ್ನಲ್ಲ."

"ಬುಡವ್ವ," ಅಂದಳು ರುದ್ರಾಣಿ ಮೂಲೆಯಿಂದ. "ಆ ಔಷ್ದಿ ಉರೀತಿತ್ತು. ಅಪ್ಪ ತೊಳ್ದಿದ್ದೇ ಒಳ್ಳೇದಾಯ್ತು."

ಗಾಯವಾದ ಎಂಟನೆಯ ದಿನ ಹುಳ ಹಣ್ಣಾಗಿ ಮೈ ಹೊಳಪೇರಿತು. ಗೂಡು ಕಟ್ಟಲು ಅವನ್ನು ಒಂದೊಂದಾಗಿ ಆರಿಸಿ ಬಿದಿರು ಹೆಣೆದ ಚಂದ್ರಿಕೆಗೆ ಬಿಡಬೇಕು. ಆ ದಿನ ಕೈ ಬಿಡುವ ಹಾಗಿಲ್ಲ. ಅದೇ ಬೆಳಿಗ್ಗೆ ಗಂಜಿ ಕುಡಿಸಹೋದರೆ ರುದ್ರಾಣಿಯ ಬಾಯಿ ತೆರೆಯಲಿಲ್ಲ. ಪುಟ್ಟಬಸಮ್ಮ ಹಲ್ಲಿನ ಸಂದಿಗೆ ಬೆರಳು ಹಾಕಿ ನೋಡಿದಳು. ಸೌಟಿನ ಹಿಡಿ ಹಾಕಿ ನೋಡಿದಳು. ಹುಡುಗಿಯ ಕಣ್ಣು ಮಾತ್ರ ಅತ್ತಿತ್ತ ಆಡುತ್ತಿತ್ತು. ಬೆನ್ನು ನೆಲ ಬಿಟ್ಟು ಮೇಲೆದ್ದಿತು.

"ಗಾಡಿ ಕೇಳು, ಓಗು."

"ಗಾಡಿ ಸೊಪ್ಪಿಗೆ ಓಗ್ಯದ," ಅಂದ. ಅವನ ಅಂಗೈಯಲ್ಲಿ ಹಣ್ಣುಹುಳವೊಂದು ಆಗಲೇ ನೂಲು ಬಿಡುತ್ತಿತ್ತು.

ಪುಟ್ಟಬಸಮ್ಮ ಅವನ ಕಡೆ ಮತ್ತೆ ನೋಡಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡಳು. ಕಾಯಿಲೆಯವರು ತುಳಿಯಬಾರದೆಂದು ಅವನೇ ನೀರೆರಚಿ ಕಾಯುತ್ತಿದ್ದ ತಟ್ಟೆಗಳ ಸಾಲಿನ ನಡುವೆಯೇ ನಡೆದು, ಮುಂಬಾಗಿಲಿನಿಂದ ಹೊರಟಳು. ಮಧ್ಯಾಹ್ನ ಅದೇ ಬಾಗಿಲಿನಿಂದ ಬಂದಳು. ರುದ್ರಾಣಿಯ ಮೈ ಇನ್ನೂ ಸೆಟೆದೇ ಇತ್ತು. ಕೊಳ್ಳೇಗಾಲ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಗೂಡು ಬಿಡಿಸುವ ದಿನ ಸದಾಶಿವಪ್ಪ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಗಟ್ಟಿ ಅವ ಕಣ್ಲಾ. ಒಂದೂ ಕೆಟ್ಟಿಲ್ಲ. ನೀ ಮಡಿ ಮಾಡಿದ್ದು ಸಾರ್ಥಕ ಆಯ್ತು."

ಅವರು ಹೋದರು. ಪುಟ್ಟಬಸಮ್ಮ ಗೂಡು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಅವತ್ತು ತೊಳೀದೆ ಬುಟ್ಟಿದ್ರ, ಇವು ಸಾಯ್ತಿದ್ವಾ?"

ಕೆಂಪನಂಜಪ್ಪ ಇನ್ನೊಂದು ಗೂಡು ಕಿತ್ತ.

"ಸಾಯ್ತಿದ್ದೊ," ಅಂದ.

ಅವಳು ತಲೆಯಾಡಿಸಿ ಮತ್ತೆ ಕೆಲಸಕ್ಕೆ ತೊಡಗಿದಳು.

ಗಾಯವಾದ ಮರುದಿನವೇ ಸದಾಶಿವಪ್ಪ ಹಣೆಗೆ ಮುಲಾಮು ಹಚ್ಚಿಕೊಂಡು ತಟ್ಟೆಗಳ ನಡುವೆ ಓಡಾಡಿದ್ದನ್ನು, ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸದೇ ಇದ್ದುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.